ವಿಚಾರಿಸಬೇಕು, ಇಲ್ಲವೇ ಒಪ್ಪಿಸಬೇಕು

ಒಂದು ದೇಶದಲ್ಲಿ ಘೋರ ಕೃತ್ಯವೆಸಗಿದವನು ಗಡಿ ದಾಟಿ ಮತ್ತೊಂದು ದೇಶದಲ್ಲಿ ನೆಲಸಿದರೆ ಅವನನ್ನು ವಿಚಾರಿಸತಕ್ಕವರು ಯಾರು? ಡಚ್ ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್ 1625ರಲ್ಲೇ ಇದಕ್ಕೆ ಉತ್ತರವಿತ್ತಿದ್ದನು: ಆಶ್ರಯವಿತ್ತ ರಾಜ್ಯವು ಅವನನ್ನು ತಾನೇ ದಂಡಿಸಬೇಕು, ಇಲ್ಲವೇ ಕೇಳಿದವರಿಗೆ ಒಪ್ಪಿಸಬೇಕು. 1984ರ ಚಿತ್ರಹಿಂಸಾ ವಿರೋಧಿ ಒಡಂಬಡಿಕೆಯು ಇಂಥದೇ ಹೊಣೆಯನ್ನು ತನಗೆ ಸೇರಿದ ರಾಜ್ಯಗಳ ಮೇಲೆ ಹೊರಿಸಿತು.

ಕಾಗದದ ಮೇಲಿನ ಆ ಮಾತು ನ್ಯಾಯಸ್ಥಾನವನ್ನು ಮುಟ್ಟಿದ ಬಗೆಯನ್ನು ನೋಡಿ. ಆಫ್ರಿಕ ಖಂಡದ ಚಾಡ್ ದೇಶವನ್ನು 1982ರಿಂದ 1990ರವರೆಗೆ ಆಳಿದ ಹಿಸೇನ್ ಹಾಬ್ರೆ, ಅಧಿಕಾರ ಕಳೆದುಕೊಂಡು ಸೆನೆಗಲ್ ದೇಶಕ್ಕೆ ಓಡಿಹೋದನು. ಅವನ ಸೆರೆಮನೆಗಳಲ್ಲಿ ನರಳಿ ಬದುಕುಳಿದವರು 2000ದಲ್ಲಿ ಅಲ್ಲಿಯೇ ದೂರಿತ್ತರು. ಹೊರದೇಶದಲ್ಲಿ ನಡೆದುದನ್ನು ವಿಚಾರಿಸಲು ತಮಗೆ ಅಧಿಕಾರವಿಲ್ಲವೆಂದು ನ್ಯಾಯಾಧೀಶರು ಹೇಳಿಬಿಟ್ಟರು. ಚಾಡ್ ಮೂಲದ ಬೆಲ್ಜಿಯಂ ಪ್ರಜೆಗಳೂ ನೊಂದವರಲ್ಲಿದ್ದರು. ಆದಕಾರಣ ಬೆಲ್ಜಿಯಂ 2005ರಲ್ಲಿ ವಾರಂಟು ಹೊರಡಿಸಿ ಅವನನ್ನು ಕೇಳಿತು. ಫಲ ಕಾಣದೆ 2009ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೊರೆಹೊಕ್ಕಿತು. ಸೆನೆಗಲ್ ತಡಮಾಡದೆ ವಿಚಾರಣೆಗೆ ತೊಡಗಬೇಕು, ಇಲ್ಲವೇ ಅವನನ್ನು ಒಪ್ಪಿಸಬೇಕೆಂದು 2012ರ ಜುಲೈ 20ರಂದು ತೀರ್ಪಾಯಿತು.

ಬಳಿಕ ಆಫ್ರಿಕನ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡು ಸೆನೆಗಲ್ ತನ್ನ ರಾಜಧಾನಿ ಡಕಾರ್‌ನಲ್ಲಿ ವಿಶೇಷ ನ್ಯಾಯಪೀಠಗಳನ್ನು ಸ್ಥಾಪಿಸಿತು. ಬದುಕುಳಿದವರು ಹಾಬ್ರೆಯ ಎದುರಿನಲ್ಲೇ ನಿಂತು ಸಾಕ್ಷ್ಯ ನುಡಿದರು. 2016ರ ಮೇ 30ರಂದು ಅವನಿಗೆ ಆಜೀವ ಸೆರೆವಾಸ ವಿಧಿಸಲಾಯಿತು. ಶಿಕ್ಷೆ ಅನುಭವಿಸುತ್ತಿರುವಾಗಲೇ 2021ರಲ್ಲಿ ಅವನು ಮೃತನಾದನು.

ಓಡಿಹೋದವನ ಬೆನ್ನಹಿಂದೆ ಕಾನೂನೂ ಗಡಿ ದಾಟಿತು, ನಿಜ. ಆದರೆ ದೂರಿಗೂ ತೀರ್ಪಿಗೂ ನಡುವೆ ಹದಿನಾರು ವರ್ಷ ಸಂದಿತ್ತು; ಅದನ್ನು ಕೇಳಲು ಕಾದಿದ್ದವರಲ್ಲಿ ಹಲವರು ಅಷ್ಟರಲ್ಲಿ ತೀರಿಹೋಗಿದ್ದರು.