ಮೀಟರ್‌ನಲ್ಲಿ 12.6, ಎಂಜಿನ್ ಮಾತ್ರ ಗಪ್‌ಚುಪ್!

ಹೊಸಕೆರೆಹಳ್ಳಿಯ ಲ್ಯಾಬಿನಲ್ಲಿ ವೋಲ್ಟೇಜ್ ಡ್ರಾಪ್ ಅಂದ್ರೆ ನಮಗೆ ವೈವಾ ಪ್ರಶ್ನೆ, ಅಷ್ಟೇ. ದಸರಾ ರಜೆಗೆ ಮಲ್ಪೆಯ ಗೆಳೆಯನ ಮನೆಗೆ ಹೋದಾಗ ಅವರ ಚಿಕ್ಕ ದೋಣಿಯ ಎಂಜಿನ್ ಸ್ಟಾರ್ಟ್ ಆಗ್ತಿರಲಿಲ್ಲ. ಕೀ ತಿರುಗಿಸಿದ್ರೆ ಬರೀ 'ಟಕ್'. ಹೊಸ ಬ್ಯಾಟರಿಗೆ ಅಂತ ಅವನ ಅಪ್ಪ ಸಾಲ ಕೇಳೋಕೆ ಹೊರಟಿದ್ರು.

ಮೀಟರ್ ಇಟ್ರೆ 12.6 ವೋಲ್ಟ್, ಫುಲ್ ಚಾರ್ಜ್! ನಾವು ಮೋಸ ಹೋಗಿದ್ದು ಇಲ್ಲೇ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಕೆಟ್ಟ ಜಾಯಿಂಟ್ ಕೂಡ ಸರಿಯಿರೋ ಹಾಗೇ ಕಾಣುತ್ತೆ. ಆದ್ರೆ ಸ್ಟಾರ್ಟರ್‌ಗೆ ನೂರು ಆಂಪಿಯರ್ ಆಸುಪಾಸು ಬೇಕು. ದಾರಿಯಲ್ಲಿ 0.03 ಓಮ್ ಅಡ್ಡ ಬಂದ್ರೂ 3 ವೋಲ್ಟ್ ಅಲ್ಲೇ ಖಾಲಿ.

ಅದಕ್ಕೇ ಕೀ ತಿರುಗಿಸಿ ಹಿಡಿದಿರುವಾಗಲೇ ಅಳೆಯಬೇಕು. ಒಂದು ಪ್ರೋಬ್ ಬ್ಯಾಟರಿ ಟರ್ಮಿನಲ್ ಮೇಲೆ, ಇನ್ನೊಂದು ಅದಕ್ಕೇ ಬಿಗಿದ ಕ್ಲ್ಯಾಂಪ್ ಮೇಲೆ. ಜಾಯಿಂಟ್ ಸರಿಯಿದ್ರೆ ಸೊನ್ನೆಯ ಹತ್ತಿರ ಇರುತ್ತೆ. ನೆಗೆಟಿವ್ ಕಡೆ 2.8 ತೋರಿಸ್ತು! ಬಿಚ್ಚಿ ನೋಡಿದ್ರೆ ಒಳಗೆಲ್ಲ ಹಸಿರು ಕಿಲುಬು, ಉಪ್ಪುಗಾಳಿಯ ಕೆಲಸ.

ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದ್ವಿ. (ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಕೊನೆಗೆ. ಸ್ಪ್ಯಾನರ್ ತಾಗಿ ಕಿಡಿ ಹಾರಿದ್ರೆ ತಮಾಷೆಯಲ್ಲ.) ಎರಡನೇ ಸಲಕ್ಕೆ ಎಂಜಿನ್ ಸ್ಟಾರ್ಟ್ ಆಯ್ತು.