ಕಣಗಿಲೆ ಗಿಡ ಬೆಳೆಸುವ ಬಗೆ

ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ನಮ್ಮ ಶಾಲೆಯ ಕೈತೋಟದ ಗುಲಾಬಿ, ಸೇವಂತಿಗೆ ಎಲ್ಲಾ ಒಣಗಿಹೋದವು. ಬೇಲಿ ಸಾಲಿನ ಕಣಗಿಲೆ ಮಾತ್ರ ಹೂ ಬಿಟ್ಟುಕೊಂಡು ನಿಂತಿತ್ತು. ಅದರ ಎಲೆ ಚರ್ಮದಂತೆ ದಪ್ಪ. ಎಲೆಯ ಅಡಿಭಾಗದಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಪತ್ರರಂಧ್ರಗಳು ಆ ಗುಳಿಯೊಳಗೆ ಅಡಗಿರುತ್ತವೆ. ಬಿಸಿಗಾಳಿ ನೇರವಾಗಿ ತಾಗದ ಕಾರಣ ಎಲೆಯ ನೀರು ಬೇಗ ಆರುವುದಿಲ್ಲ.

ಬೆಳೆಸೋದು ಸುಲಭ. ಮಳೆಗಾಲ ಶುರುವಾದಾಗ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಒಂದು ಗೇಣು ಉದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಅರ್ಧದಷ್ಟು ಮಣ್ಣಿನಲ್ಲಿ ಊರಬೇಕು. ಬೇರು ಬರುವ ತನಕ ಮಣ್ಣು ಹಸಿಯಾಗಿರಲಿ. ನೀರು ನಿಲ್ಲೋ ಜಾಗ ಬೇಡ. ನೆರಳಿದ್ದರೆ ಹೂ ಕಡಿಮೆ. ಮೊದಲ ಬೇಸಿಗೆಯಲ್ಲಿ ನಾವು ವಾರಕ್ಕೊಂದು ಕೊಡ ನೀರು ಹಾಕಿದ್ದೆವು, ಸಾಕಾಯ್ತು. ಹೂ ಬರೋದು ಚಿಗುರಿನ ತುದಿಯಲ್ಲಿ. ಆದ್ದರಿಂದ ಹೂ ಮುಗಿದ ಮೇಲೆ ಕೊಂಬೆ ಸವರಬೇಕು.

ಸವರಿದಾಗಲೇ ನನ್ನಿಂದ ತಪ್ಪಾಯಿತು. ಹಸಿ ಕಣಗಿಲೆ ಕಹಿ ಅಂತ ಮೇಕೆ ಮುಟ್ಟೋದಿಲ್ಲ. ಒಣಗಿದರೆ ಕಹಿ ಕಡಿಮೆಯಾಗುತ್ತೆ, ವಿಷ ಮಾತ್ರ ಹೋಗೋದಿಲ್ಲ. ನನಗೆ ಇದು ಗೊತ್ತಿರಲಿಲ್ಲ. ಕಡಿದ ಕೊಂಬೆಗಳನ್ನು ಬೇಲಿ ಆಚೆ ಎಸೆದಿದ್ದೆ. ನಮ್ಮ ಅಜ್ಜಿಯ ಮೇಕೆ ಆ ಒಣಗಿದ ಎಲೆ ತಿಂದು ಸತ್ತುಹೋಯಿತು. ಅಜ್ಜಿ ಬೈಯಲೇ ಇಲ್ಲ, ಅದಕ್ಕೇ ನನಗೆ ಇನ್ನೂ ಬೇಜಾರು.

ಎಲೆ, ಹೂ, ಕಾಂಡ, ಬೇರು ಎಲ್ಲದರಲ್ಲೂ ವಿಷವಿದೆ. ಅದು ಹೃದಯದ ಬಡಿತ ಕೆಡಿಸುತ್ತೆ. ಸುಟ್ಟರೆ ಹೊಗೆಯೂ ಕೆಟ್ಟದ್ದು. ಈಗ ನಾವು ಕಡಿದದ್ದನ್ನೆಲ್ಲಾ ಗುಂಡಿ ತೋಡಿ ಮುಚ್ಚುತ್ತೇವೆ, ಸೋಪು ಹಚ್ಚಿ ಕೈ ತೊಳೆಯುತ್ತೇವೆ. ಕಡ್ಡಿ ಬೇಕಾದವರು ನನ್ನನ್ನು ಕೇಳಿ. ಮನೆಯಲ್ಲಿ ಮೇಕೆ ಇದ್ದರೆ ಮೊದಲೇ ಹೇಳಿ.