ಅರ್ಧ ಟಿಕೆಟೂ ತುಂಬಿದ ಮೈದಾನವೂ

ಶಿರಸಿಯಲ್ಲಾಗಲಿ, ಸಿದ್ದಾಪುರ ಯಲ್ಲಾಪುರಗಳಲ್ಲಾಗಲಿ ಕಾಲೇಜು ಕಾಲೇಜುಗಳ ನಡುವೆ ಪಂದ್ಯ ನಡೆಯುವಾಗ ಮೈದಾನದ ಅಂಚಿನಲ್ಲಿ ಎಷ್ಟು ಜನ ನಿಂತಿರುತ್ತಾರೆಂಬುದನ್ನು ನೀವು ಎಂದಾದರೂ ಎಣಿಸಿದ್ದುಂಟೇ? ಎರಡೂ ತಂಡಗಳ ಬದಲಿ ಆಟಗಾರರು, ಸೀಟಿ ಹಿಡಿದ ದೈಹಿಕ ಶಿಕ್ಷಕರು ಇಬ್ಬರು ಮೂವರು, ತರಗತಿಗೆ ಚಕ್ಕರ್ ಹೊಡೆದು ಬಂದ ಹತ್ತಾರು ಹುಡುಗರು, ಬೇಲಿಯಾಚೆ ಸೈಕಲ್ಲು ನಿಲ್ಲಿಸಿಕೊಂಡು ಇಣುಕುವ ಒಬ್ಬ ದಾರಿಹೋಕ. ಲೆಕ್ಕ ಬಹುಮಟ್ಟಿಗೆ ಇಷ್ಟಕ್ಕೇ ಮುಗಿಯುತ್ತದೆ. ಅದೇ ಊರಿನಲ್ಲಿ ಡೇರೆ ಹಾಕಿ, ಹೆಸರಾದ ಕಲಾವಿದರ ಯಕ್ಷಗಾನ ಆಡಿಸಿದರೆ ದುಡ್ಡು ಕೊಟ್ಟು ಒಳಗೆ ಬರುವವರ ಸಾಲು ಬೆಳೆಯುತ್ತದೆ. ಮೊದಲನೆಯದಕ್ಕೆ ಟಿಕೆಟೇ ಇಲ್ಲ, ಎರಡನೆಯದಕ್ಕೆ ಉಂಟು. ಪುಕ್ಕಟೆಯಾದಲ್ಲಿ ಜನವಿಲ್ಲ, ಬೆಲೆಯಿರುವಲ್ಲಿ ಜನವುಂಟು! ಹೀಗಿರಲು, ಟಿಕೆಟಿನ ದರ ಇಳಿಸಿದರೆ ಆಟಕ್ಕೆ ಪ್ರೇಕ್ಷಕರು ತಾವಾಗಿ ಬಂದಾರು ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳು ನಮ್ಮ ಕಡೆ ಮಳೆ ಹೊಳವಾದ ಮೇಲೆ ಮೊದಲಾಗುತ್ತವೆ. ಇವುಗಳ ಖರ್ಚು ಹೆಚ್ಚಾಗಿ ದಾನಿಗಳಿಂದಲೂ ತಂಡಗಳ ಪ್ರವೇಶ ಶುಲ್ಕದಿಂದಲೂ ಹೊರಡುವುದು. ಎಲ್ಲೋ ಕೆಲವೆಡೆ ಗ್ಯಾಲರಿಗೆ ಟಿಕೆಟು ಇಡುವುದುಂಟು. ಕಾಲೇಜಿನವರು ಇಂಥದೊಂದನ್ನು ಏರ್ಪಡಿಸಿದಾಗ ಮೊದಲು ಏಳುವ ಚರ್ಚೆಯೇ ಇದು: ಟಿಕೆಟು ಇಡಬೇಕೋ ಬೇಡವೋ, ಇಟ್ಟರೆ ವಿದ್ಯಾರ್ಥಿಗಳಿಗೆ ಎಷ್ಟು ರಿಯಾಯಿತಿ?

ರಿಯಾಯಿತಿ ಎಂಬ ಮಾತಿನ ಮೂಲವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಕನ್ನಡ ಪಂಡಿತನಿಗೆ ಈ ಚಾಳಿ ಬಿಡುವುದಿಲ್ಲ, ಮನ್ನಿಸಬೇಕು. ಅದು ಅರಬ್ಬಿಯ ಶಬ್ದ. ಕಾಯುವುದು, ಮೇಯಿಸುವುದು, ಲಕ್ಷ್ಯವಿಟ್ಟು ನೋಡಿಕೊಳ್ಳುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ್ದು. ನಮ್ಮ ‘ರೈತ’ ಶಬ್ದವೂ ಅದೇ ಧಾತುವಿನದು. ಹಾಗಾಗಿ ರಿಯಾಯಿತಿ ಎಂದರೆ ಬರಿಯ ಬೆಲೆಯ ಇಳಿತವಲ್ಲ, ‘ನಿನ್ನ ಸ್ಥಿತಿಯನ್ನು ನೋಡಿ ಬಿಟ್ಟುಕೊಟ್ಟೆ’ ಎಂಬ ದಾಕ್ಷಿಣ್ಯ ಅದರೊಳಗಿದೆ. ಎಲ್ಲರಿಗೂ ಒಂದೇ ಸಮನೆ ದರ ಇಳಿಸುವುದು ಬೇರೆ, ಇಂಥವರಿಗೆ ಎಂದು ಗುರುತಿಸಿ ಇಳಿಸುವುದು ಬೇರೆ. ಇವೆರಡನ್ನೂ ಒಂದೆಂದೇ ತಿಳಿಯುವುದರಿಂದ ಎಷ್ಟೋ ಪಂದ್ಯಾವಳಿಗಳ ಲೆಕ್ಕ ಕೆಡುತ್ತದೆ.

ಈ ವಿದ್ಯೆಯನ್ನು ನಮ್ಮಲ್ಲಿ ಚೆನ್ನಾಗಿ ಅರಿತವರೆಂದರೆ ಡೇರೆ ಮೇಳಗಳವರು. ಬಯಲಾಟಕ್ಕೆ ಟಿಕೆಟಿಲ್ಲ. ಹರಕೆ ಹೊತ್ತವರೋ ಊರವರೋ ವೆಚ್ಚ ಕೊಟ್ಟರೆ ಬಂದವರೆಲ್ಲ ಕುಳಿತು ನೋಡುವುದು. ಡೇರೆಯ ಆಟ ಹಾಗಲ್ಲ. ಊರಿನ ಕಂತ್ರಾಟುದಾರ ಮೇಳಕ್ಕೆ ಇಂತಿಷ್ಟೆಂದು ಇಡಿಗಂಟು ಒಪ್ಪಿಕೊಳ್ಳುತ್ತಾನೆ, ಬಾಗಿಲಲ್ಲಿ ಬಂದ ಹಣ ಅವನದು. ಡೇರೆಯೊಳಗೆ ನೂರು ಜನವಿದ್ದರೂ ಸಾವಿರ ಜನವಿದ್ದರೂ ಚೆಂಡೆಯ ಪೆಟ್ಟು ಅಷ್ಟೇ, ದೀಪದ ಖರ್ಚು ಅಷ್ಟೇ. ಒಬ್ಬ ಹೆಚ್ಚಿನ ಪ್ರೇಕ್ಷಕ ಬಂದರೆ ಅವನಿಂದಾಗುವ ಹೆಚ್ಚಿನ ಖರ್ಚು ಸೊನ್ನೆ. ಆದ್ದರಿಂದ ಖಾಲಿ ಬಿದ್ದ ಜಾಗಕ್ಕೆ ಹತ್ತು ರೂಪಾಯಿ ಬಂದರೂ ಅದು ಲಾಭವೇ. ಆದರೆ ಆ ಹತ್ತು ರೂಪಾಯಿಯ ಸುದ್ದಿ ತಿಳಿದು, ನೂರು ರೂಪಾಯಿ ಕೊಡಲು ಸಿದ್ಧನಾಗಿದ್ದವನೂ ಹತ್ತನ್ನೇ ಚಾಚಿದರೆ ಕಂತ್ರಾಟುದಾರ ಮುಳುಗುತ್ತಾನೆ.

ಇದಕ್ಕೆ ಡೇರೆಯವರು ಕಂಡುಕೊಂಡ ಉಪಾಯ ನೆಲ, ಕುರ್ಚಿ, ಈಸಿಚೇರು ಎಂಬ ತರಗತಿಗಳು. ಭಾಗವತರ ಪದ ಎಲ್ಲರ ಕಿವಿಗೂ ಒಂದೇ. ಬೇರೆಯಾಗುವುದು ಕೂರುವ ಜಾಗ ಮಾತ್ರ. ಹಣ ಕಡಿಮೆಯಿದ್ದವನಿಗೆ ನೆಲ ಸಾಕು, ಬೆನ್ನಿಗೆ ಒರಗು ಬೇಕಾದ ಯಜಮಾನರು ತಾವಾಗಿಯೇ ಮುಂದಿನ ಸಾಲಿನ ಬೆಲೆ ಕೊಡುತ್ತಾರೆ. ಯಾರು ಬಡವ, ಯಾರು ಸಿರಿವಂತ ಎಂದು ಬಾಗಿಲಲ್ಲಿ ಕೇಳುವ ಪ್ರಮೇಯವೇ ಬರುವುದಿಲ್ಲ. ಫ್ರಾನ್ಸಿನ ಜೂಲ್ ದ್ಯೂಪ್ಯುಯಿ ಎಂಬ ಎಂಜಿನಿಯರು ೧೮೪೯ರಲ್ಲಿ ರೈಲಿನ ಬಗ್ಗೆ ಇದನ್ನೇ ಬರೆದ. ಮೂರನೆಯ ದರ್ಜೆಯ ಡಬ್ಬಿಗೆ ಚಾವಣಿ ಹಾಕದೆ ಬಿಟ್ಟದ್ದು ಹಣ ಉಳಿಸಲಿಕ್ಕಲ್ಲ, ಬಡವರನ್ನು ನೋಯಿಸಲಿಕ್ಕೂ ಅಲ್ಲ, ಎರಡನೆಯ ದರ್ಜೆಯ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿದಾರೆಂಬ ಹೆದರಿಕೆಯಿಂದ ಎಂದು ಅವನ ವಿವರಣೆ. ನಮ್ಮ ಡೇರೆಯ ನೆಲ ಅಷ್ಟು ನಿರ್ದಯವಲ್ಲ. ಕಂಬಳಿಯೊಂದನ್ನು ಹಾಸಿಕೊಂಡರೆ ಈಸಿಚೇರಿಗಿಂತ ಅದೇ ಸುಖ ಎನ್ನುವವರೂ ಉಂಟು.

ಈಗ ಕಾಲೇಜಿನ ಕಬಡ್ಡಿಗೆ ಬನ್ನಿ. ಲೆಕ್ಕಕ್ಕಾಗಿ ಹೀಗೆ ಹಿಡಿಯೋಣ. ಟಿಕೆಟು ೧೦೦ ರೂಪಾಯಿ, ಬಂದವರು ೨೦೦ ಜನ, ಹುಟ್ಟುವಳಿ ೨೦,೦೦೦. ಈ ಇನ್ನೂರರಲ್ಲಿ ೬೦ ಮಂದಿ ವಿದ್ಯಾರ್ಥಿಗಳು. ಮರುವರ್ಷ ವಿದ್ಯಾರ್ಥಿಗಳಿಗೆ ೩೦ ರೂಪಾಯಿ ಎಂದು ಸಾರಿದರೆ, ಹೇಗೂ ಬರುತ್ತಿದ್ದ ಆ ಅರವತ್ತು ಮಂದಿಯಿಂದಲೇ ತಲಾ ೭೦ರಂತೆ ೪,೨೦೦ ರೂಪಾಯಿ ಕಳೆದುಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಹೊಸದಾಗಿ ೧೪೦ ವಿದ್ಯಾರ್ಥಿಗಳು ಬರಬೇಕು. ನೂರಮೂವತ್ತೇ ಬಂದರೆ ಮೈದಾನ ತುಂಬಿದಂತೆ ಕಂಡರೂ ಪೆಟ್ಟಿಗೆಯಲ್ಲಿ ಹಿಂದಿನ ವರ್ಷಕ್ಕಿಂತ ೩೦೦ ಕಡಿಮೆ. ಹಾಗೆಂದು ಅದು ನಷ್ಟವೇ? ಮುನ್ನೂರು ರೂಪಾಯಿಗೆ ನೂರಮೂವತ್ತು ಹೊಸ ಕಂಠಗಳ ಕೂಗು ಸಿಕ್ಕಿತೆಂದರೆ ಅದನ್ನು ನಾನು ನಷ್ಟವೆನ್ನಲಾರೆ. ಆದರೆ ಏರ್ಪಡಿಸುವವರು ಈ ಲೆಕ್ಕವನ್ನು ಮೊದಲೇ ಕಾಗದದ ಮೇಲೆ ಮಾಡಿಕೊಳ್ಳಬೇಕು. ನಮ್ಮಲ್ಲಿ ಅದನ್ನು ಪಂದ್ಯ ಮುಗಿದ ಮೇಲೆ ಮಾಡುತ್ತಾರೆ.

ತೆರಿಗೆಯ ಮಾತು ಒಂದೆರಡು ಸಾಲು. ೧೯೫೮ರ ರಾಜ್ಯದ ಮನರಂಜನಾ ತೆರಿಗೆಯ ಕಾಯಿದೆಯ ಜಾಗಕ್ಕೆ ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿದೆ. ನಾಟಕ, ಸರ್ಕಸ್ಸುಗಳ ಸಣ್ಣ ದರದ ಟಿಕೆಟಿಗೆ ಅದರಲ್ಲಿ ವಿನಾಯಿತಿಯುಂಟು. ಕಾಲೇಜಿನ ಗ್ಯಾಲರಿಗೆ ಟಿಕೆಟು ಅಚ್ಚು ಹಾಕಿಸುವ ಮೊದಲು ಲೆಕ್ಕಿಗರೊಬ್ಬರನ್ನು ಕೇಳಿಕೊಂಡರೆ ಸಾಕು.

ದರ ಇಳಿಸಿದ್ದಕ್ಕೇ ಜನ ತುಂಬಿದರೆಂದು ಹೇಳುವ ಉದಾಹರಣೆಗಳನ್ನು ಎಚ್ಚರದಿಂದ ನೋಡಬೇಕು. ೨೦೧೯ರ ನವೆಂಬರ್ ೨೨ರಂದು ಕೋಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಭಾರತ, ಬಾಂಗ್ಲಾದೇಶಗಳ ಟೆಸ್ಟ್ ಪಂದ್ಯ ಮೊದಲಾಯಿತು. ಟಿಕೆಟು ೫೦ ರೂಪಾಯಿಯಿಂದ ಇತ್ತು, ಮೈದಾನ ಕಿಕ್ಕಿರಿದಿತ್ತು. ಆದರೆ ಅದು ನಮ್ಮ ದೇಶದಲ್ಲಿ ಗುಲಾಬಿ ಚೆಂಡಿನಿಂದ ದೀಪದ ಬೆಳಕಿನಲ್ಲಿ ಆಡಿದ ಮೊದಲ ಟೆಸ್ಟು ಎಂಬುದನ್ನು ಮರೆಯಬಾರದು. ಹೊಸತನದ ಕುತೂಹಲವಿತ್ತು. ಆಟ ಸಂಜೆಗೆ ಚಾಚಿದ್ದರಿಂದ ಕಚೇರಿ ಮುಗಿಸಿದವರಿಗೂ ಶಾಲೆ ಬಿಟ್ಟವರಿಗೂ ಅನುಕೂಲವಿತ್ತು. ಅಗ್ಗದ ಟಿಕೆಟು ಬಾಗಿಲನ್ನು ತೆರೆಯಿತು ನಿಜ, ಬಾಗಿಲ ತನಕ ಜನರನ್ನು ಕರೆತಂದದ್ದು ಬೇರೆ.

ಅಮೆರಿಕದ ಕಾಲೇಜುಗಳಲ್ಲಂತೂ ಫುಟ್‌ಬಾಲೆಂದರೆ ನಮ್ಮ ಜಾತ್ರೆಯ ಸಡಗರ. ವಿದ್ಯಾರ್ಥಿಗಳಿಗೆ ಅಲ್ಲಿ ಬೇರೆಯೇ ಸಾಲು, ಕಡಿಮೆ ದರ. ಆದರೂ ಅಲಬಾಮಾ ವಿಶ್ವವಿದ್ಯಾಲಯದವರಿಗೆ ಒಂದು ಚಿಂತೆ ಹತ್ತಿತು. ಬಂದ ವಿದ್ಯಾರ್ಥಿಗಳು ತಮ್ಮ ತಂಡ ಗೆಲ್ಲುವುದು ಖಚಿತವಾದ ಕೂಡಲೆ ಎದ್ದು ಹೋಗುತ್ತಿದ್ದರು. ೨೦೧೯ರಲ್ಲಿ ಅವರು ಮೊಬೈಲಿನ ಮೂಲಕ ಹುಡುಗರು ಮೈದಾನದಲ್ಲೇ ಇದ್ದಾರೆಯೇ ಎಂದು ನೋಡಿ, ಕೊನೆಯ ಪಾದದವರೆಗೆ ಕುಳಿತವರಿಗೆ ಅಂಕ ಕೊಡುವ ಏರ್ಪಾಡು ಮಾಡಿದರು. ಅಂಕ ಹೆಚ್ಚಿದವರಿಗೆ ದೊಡ್ಡ ಪಂದ್ಯದ ಟಿಕೆಟಿನಲ್ಲಿ ಆದ್ಯತೆ. ಹಾಜರಿ ಹಾಕಿ ಆಟ ನೋಡಿಸುವುದು ಮಾಸ್ತರನಾದ ನನಗೇ ಸೇರದು. ಆದರೂ ಕೊಂಡ ಟಿಕೆಟು, ಒಳಗೆ ಬಂದ ಪ್ರೇಕ್ಷಕ, ಕೊನೆಯವರೆಗೆ ಕುಳಿತ ಪ್ರೇಕ್ಷಕ ಇವು ಮೂರೂ ಬೇರೆ ಎಂಬುದನ್ನು ಅದು ತೋರಿಸಿಕೊಡುತ್ತದೆ. ನಮ್ಮ ಸಹಾಯಾರ್ಥ ಪ್ರದರ್ಶನಗಳನ್ನೇ ನೋಡಿ. ಶಾಲೆಯ ಕಟ್ಟಡಕ್ಕೆಂದು ಮನೆಮನೆಗೆ ಹೋಗಿ ಟಿಕೆಟು ದಾಟಿಸುತ್ತಾರೆ. ಜನ ಧರ್ಮಕ್ಕೆಂದು ಹಣ ಕೊಟ್ಟು ಟಿಕೆಟನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮಲಗುತ್ತಾರೆ. ಹಣ ಕೂಡಿತು, ಡೇರೆ ಬರಿದು. ಮುಂದಿನ ಸಾಲಿನ ಗೌರವ ಪಾಸಿನ ಸೋಫಾಗಳ ಗತಿಯೂ ಇದೇ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಮೂರು ತಾಲೂಕುಗಳಲ್ಲಿ ನಿಜವಾದ ಟಿಕೆಟು ಬಾಗಿಲಲ್ಲಿ ಹರಿಯುವ ಚೀಟಿಯಲ್ಲ, ಬಸ್ಸು. ಇಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು. ಶಿರಸಿಯಿಂದ ಸಿದ್ದಾಪುರಕ್ಕೆ ಸುಮಾರು ೩೫ ಕಿಲೋಮೀಟರು, ಯಲ್ಲಾಪುರಕ್ಕೆ ಸುಮಾರು ೫೦. ಪೇಟೆಗೆ ಬಂದವನು ಹಳ್ಳಿಯ ಕೊನೆಯ ಬಸ್ಸು ತಪ್ಪಿಸಿಕೊಂಡರೆ ಬಾಡಿಗೆ ರಿಕ್ಷಾಕ್ಕೆ ಕೊಡುವ ಹಣದಲ್ಲಿ ಹತ್ತು ಪಂದ್ಯ ನೋಡಬಹುದು. ಟಿಕೆಟನ್ನು ಐವತ್ತರಿಂದ ಇಪ್ಪತ್ತಕ್ಕೆ ಇಳಿಸಿದರೆ ಅವನಿಗೆ ಏನು ಆದಂತಾಯಿತು?

ಬೆಳತನಕ ನಡೆಯುವ ಯಕ್ಷಗಾನ ಈ ತೊಡಕನ್ನು ತನಗರಿವಿಲ್ಲದೆಯೇ ಬಿಡಿಸಿತ್ತು. ಸಂಜೆಯ ಬಸ್ಸಿಗೆ ಬಂದವರು ರಾತ್ರಿಯೆಲ್ಲ ಆಟ ನೋಡಿ, ಮಂಗಳದ ಪದ ಕೇಳಿ, ಚಹಾ ಕುಡಿದು, ಬೆಳಗಿನ ಮೊದಲ ಬಸ್ಸಿಗೆ ಮನೆ ಸೇರುತ್ತಿದ್ದರು. ಆಟವೂ ಆಯಿತು, ರಾತ್ರಿ ತಂಗುವ ಠಾವೂ ಆಯಿತು. ಈಗ ಕಾಲಮಿತಿಯ ಆಟಗಳು ಹೆಚ್ಚಿವೆ. ನಡುರಾತ್ರಿಗೆ ಮುಗಿದರೆ ಸ್ವಂತ ಬೈಕು, ಕಾರು ಇದ್ದವರಿಗೆ ಸುಖ, ಇಲ್ಲದವರು ಮನೆಯಲ್ಲೇ ಉಳಿಯುತ್ತಾರೆ. ಕಬಡ್ಡಿಯ ಅಂತಿಮ ಪಂದ್ಯವೂ ಇದೇ ವೇಳೆಗೆ ಮುಗಿಯುತ್ತದೆ. ಅದೂ ಸಭಾ ಕಾರ್ಯಕ್ರಮ ಬೇಗ ಮುಗಿದರೆ! ಅತಿಥಿಗಳ ಸ್ವಾಗತ, ಹಾರ, ಶಾಲು, ಭಾಷಣ, ವಂದನಾರ್ಪಣೆ ಎಂದು ಒಂದೂವರೆ ತಾಸು ಕಳೆಯುವಷ್ಟರಲ್ಲಿ ಬಸ್ಸಿನ ಜನರೆಲ್ಲ ಎದ್ದಿರುತ್ತಾರೆ. ಕಬಡ್ಡಿಗೆ ದುಡ್ಡು ಕೊಟ್ಟವನಿಗೆ ಭಾಷಣ ಕೇಳಿಸಿ ಕಳಿಸುವುದು ಯಾವ ರಿಯಾಯಿತಿಯಿಂದಲೂ ಸರಿದೂಗದ ಅನ್ಯಾಯ.

ಹಂಗಾಮನ್ನೂ ನೋಡಬೇಕು. ಕೊನೆಕೊಯ್ಲಿನ ದಿನಗಳಲ್ಲಿ ತೋಟಿಗರ ಮನೆಗಳಲ್ಲಿ ರಾತ್ರಿಯಾದರೆ ಅಡಿಕೆ ಸುಲಿಯುವ ಕೆಲಸ. ಆಗ ಅವರನ್ನು ಮೈದಾನಕ್ಕೆ ಕರೆದರೆ ಬಾರರು. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವಾಗ ಪೂರ್ತಿ ದರಕ್ಕೇ ಬಂದಾರು. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆದಾಗ ನಾಟಕ, ಸರ್ಕಸ್ಸು, ಯಕ್ಷಗಾನದ ಡೇರೆಗಳೆಲ್ಲ ಸಾಲಾಗಿ ಏಳುವುದು ಬರಿಯ ಭಕ್ತಿಯ ಕಾರಣದಿಂದಲ್ಲ. ಜನ, ಹಣ, ಬಸ್ಸು ಮೂರೂ ಆಗ ಒಂದೇ ಕಡೆ ಕೂಡಿರುತ್ತವೆ.

ಹಾಗಾದರೆ ಎಲ್ಲವನ್ನೂ ಪುಕ್ಕಟೆ ಮಾಡಿ ಬಾಗಿಲು ತೆರೆದುಬಿಡಬಾರದೇಕೆ ಎಂದು ನೀವು ಕೇಳಬಹುದು. ಸಣ್ಣ ಪಂದ್ಯಕ್ಕೆ ಅಡ್ಡಿಯಿಲ್ಲ. ದೊಡ್ಡದಾದರೆ ಟಿಕೆಟಿಗೆ ಹಣವಲ್ಲದ ಇನ್ನೊಂದು ಕೆಲಸವುಂಟು, ಎಣಿಕೆ. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ವಿಜಯೋತ್ಸವಕ್ಕೆ ಉಚಿತ ಪ್ರವೇಶವೆಂಬ ಸುದ್ದಿ ಹಬ್ಬಿ ಜನಸಾಗರ ನುಗ್ಗಿತು. ಕಾಲ್ತುಳಿತದಲ್ಲಿ ೧೧ ಮಂದಿ ಸತ್ತರು. ೨೦೨೧ರ ಮಾರ್ಚ್ ೨೨ರಂದು ತೆಲಂಗಾಣದ ಸೂರ್ಯಾಪೇಟೆಯಲ್ಲಿ ಕಿರಿಯರ ರಾಷ್ಟ್ರೀಯ ಕಬಡ್ಡಿ ಪಂದ್ಯಾವಳಿಯ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಗ್ಯಾಲರಿ ಐನೂರು ಜನರನ್ನು ಹೊರುವುದಾದರೆ ಐನೂರೇ ಟಿಕೆಟು ಅಚ್ಚಾಗಬೇಕು. ಬೆಲೆ ಐದು ರೂಪಾಯಿಯಾದರೂ ಸರಿ, ಸೊನ್ನೆಯಾದರೂ ಸರಿ, ಚೀಟಿಗೆ ಸಂಖ್ಯೆ ಇರಬೇಕು.

ಯಾರಿಗೆ ರಿಯಾಯಿತಿ ಎಂಬುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವಿದ್ಯಾರ್ಥಿಗಳಿಗಿಂತ ಮೊದಲು ಆಡುವ ಮಕ್ಕಳ ತಂದೆತಾಯಿಗಳಿಗೆ ಕೊಡಬೇಕು, ಅದೂ ಪೂರ್ತಿಯಾಗಿ. ಯಲ್ಲಾಪುರ ತಾಲೂಕಿನ ಕಾಡಂಚಿನ ಸಿದ್ದಿ ಜನರ ಮಕ್ಕಳ ಓಟದ ಕಸುವನ್ನು ಗುರುತಿಸಿ ಭಾರತೀಯ ಕ್ರೀಡಾ ಪ್ರಾಧಿಕಾರವು ೧೯೮೭ರಲ್ಲಿ ಅವರಿಗಾಗಿ ವಿಶೇಷ ತರಬೇತಿಯನ್ನು ಮೊದಲುಮಾಡಿತು. ೧೯೯೩ರಲ್ಲಿ ಅದು ನಿಂತಿತು. ಮಕ್ಕಳು ಬಹುದೂರ ಹೋಗಿ ಆಡಿದರು. ಅವರು ಆಡುವುದನ್ನು ಮನೆಯವರಲ್ಲಿ ಎಷ್ಟು ಮಂದಿ ಕಂಡಿದ್ದಾರು? ಸಿದ್ದಿಯರ ಮಾತೇಕೆ, ನಮ್ಮ ಯಾವ ಹಳ್ಳಿಯ ಹುಡುಗಿಯ ಮನೆಯಲ್ಲಿ ವಿಚಾರಿಸಿದರೂ ಗೋಡೆಯ ಮೇಲೆ ಕಪ್ಪು, ಪದಕ ಇದ್ದೀತು, ಪಂದ್ಯವನ್ನು ತಾಯಿ ಕಣ್ಣಾರೆ ಕಂಡಿರುವುದು ಅಪರೂಪ. ತಾಯಿ ಒಮ್ಮೆ ಬಂದು ನೋಡಿದರೆ ಹುಡುಗಿಯ ಆಟ ಮದುವೆಯ ಮಾತು ಬರುವ ಮೊದಲೇ ನಿಂತುಹೋಗದು ಎಂಬುದು ನನ್ನ ನಂಬಿಕೆ. ೨೦೨೩ರ ಜೂನ್ ೧೧ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಹಾಗಾಗಿ ತಾಯಂದಿರಿಗೆ ದಾರಿಯ ಖರ್ಚು ಉಳಿಯಿತು. ಉಳಿದದ್ದು ಹೊತ್ತು.

ಆ ಹೊತ್ತನ್ನು ಸರಿಪಡಿಸುವುದು ಕಾಲೇಜಿನವರ ಕೈಯಲ್ಲೇ ಇದೆ. ಹುಡುಗಿಯರ ಪಂದ್ಯಗಳನ್ನು ರಾತ್ರಿಗೆ ತಳ್ಳದೆ ಮಧ್ಯಾಹ್ನ ಊಟವಾದ ಮೇಲೆ ಹಿಡಿಯಬಹುದು. ಭಾಷಣಗಳನ್ನು ಬಹುಮಾನ ವಿತರಣೆಗೆ ಒತ್ತಿಟ್ಟು, ಅಂತಿಮ ಪಂದ್ಯವನ್ನು ಹೇಳಿದ ಗಳಿಗೆಗೆ ಮೊದಲುಮಾಡಬಹುದು. ಬಸ್ ಡಿಪೋದವರಿಗೆ ಹದಿನೈದು ದಿನ ಮುಂಚೆ ಪತ್ರ ಬರೆದು ಕೊನೆಯ ಬಸ್ಸನ್ನು ಅರ್ಧ ತಾಸು ತಡೆಯಲು ಸಾಧ್ಯವೇ ಎಂದು ಕೇಳಬಹುದು. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಪಂದ್ಯವನ್ನೇ ಅರ್ಧ ತಾಸು ಹಿಂದಕ್ಕೆ ತಂದುಕೊಳ್ಳಬೇಕು. ಟಿಕೆಟಿನ ಬೆನ್ನು ಹೇಗೂ ಖಾಲಿ ಇರುತ್ತದೆ. ದಾನಿಗಳ ಹೆಸರಿನ ಕೆಳಗೆ ಮೂರೂ ದಿಕ್ಕಿನ ಕೊನೆಯ ಬಸ್ಸಿನ ವೇಳೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.